ಮೂರು ತಲೆಮಾರು ಓದದ ಪುಸ್ತಕ

ನಾನು ಮದುವೆಯಾಗಿ ಶಿವಮೊಗ್ಗದ ಈ ಮನೆಗೆ ಬಂದದ್ದು 1999ರಲ್ಲಿ. ನಡುಮನೆಯ ಗಾಜಿನ ಬೀರುವಿನಲ್ಲಿ ಆಗಲೇ ಆ ಪುಸ್ತಕ ಇತ್ತು. ಕೆಂಪು ಕ್ಯಾಲಿಕೋ ಬಟ್ಟೆ ಹಾಕಿ ಮತ್ತೆ ಬೈಂಡ್ ಮಾಡಿಸಿದ ದಪ್ಪ ಪುಸ್ತಕ. ನವರಾತ್ರಿಯಲ್ಲಿ ಸರಸ್ವತಿ ಪೂಜೆಯ ದಿನ ಅದನ್ನು ಹೊರಗೆ ತೆಗೆಯುತ್ತಿದ್ದೆವು. ಧೂಳು ಒರೆಸಿ ಮಣೆಯ ಮೇಲೆ ಎಲ್ಲಕ್ಕಿಂತ ಕೆಳಗೆ ಇಡುತ್ತಿದ್ದೆವು. ಅದರ ಮೇಲೆ ಮಕ್ಕಳ ಪಠ್ಯಪುಸ್ತಕ, ಅದರ ಮೇಲೆ ಅರಿಶಿನ, ಕುಂಕುಮ, ಸೇವಂತಿಗೆ. ವಿಜಯದಶಮಿಯ ದಿನ ಯಾವುದೋ ಒಂದು ಪುಟ ತೆರೆದು ಎರಡು ಸಾಲು ಓದಿ ಕಣ್ಣಿಗೆ ಒತ್ತಿಕೊಂಡು ವಾಪಸ್ ಬೀರುವಿಗೆ. ಇಪ್ಪತ್ತಮೂರು ವರ್ಷ ಹೀಗೇ ನಡೆಯಿತು.

ಪುಸ್ತಕದ ಹೆಸರು ಕರ್ಣಾಟ ಭಾರತ ಕಥಾಮಂಜರಿ. ನಾವೆಲ್ಲ ಕರೆಯುವುದು ಗದುಗಿನ ಭಾರತ ಅಥವಾ ಕುಮಾರವ್ಯಾಸ ಭಾರತ ಅಂತ. 1958ರಲ್ಲಿ ಮೈಸೂರು ಸರ್ಕಾರ ಜನರ ಕೈಗೆ ಸಿಗಲಿ ಎಂದು ಕಡಿಮೆ ಬೆಲೆಗೆ ಅಚ್ಚು ಹಾಕಿಸಿದ್ದು. ಸಂಪಾದಕರು ಕುವೆಂಪು ಮತ್ತು ಮಾಸ್ತಿ. ನಮ್ಮ ಮಾವನ ಅಪ್ಪ ಶಿಕಾರಿಪುರದ ಕಡೆಯ ಒಂದು ಹಳ್ಳಿಯಲ್ಲಿ ಶಾಲೆ ಮೇಷ್ಟ್ರಾಗಿದ್ದರು. ಪೇಟೆಗೆ ಹೋದಾಗ ಕೊಂಡು ತಂದದ್ದಂತೆ. ಅಲ್ಲಿಂದ ಈ ಮನೆಗೆ ಬಂತು.

ಕನ್ನಡ ಬಲ್ಲವರಿಗೆ ಕುಮಾರವ್ಯಾಸನ ಹೆಸರು ಗೊತ್ತಿಲ್ಲದೆ ಇರುವುದಿಲ್ಲ. ‘ಕುಮಾರವ್ಯಾಸನು ಹಾಡಿದನೆಂದರೆ ಕಲಿಯುಗ ದ್ವಾಪರವಾಗುವುದು’ ಎಂಬ ಕುವೆಂಪು ಅವರ ಸಾಲು ಎಲ್ಲರ ಬಾಯಲ್ಲಿದೆ. ಆದರೆ ಪೂರ್ತಿ ಓದಿದವರು? ನಮ್ಮ ಬ್ಯಾಂಕಿನ ಶಾಖೆಯಲ್ಲಿ ಪುಸ್ತಕದ ಹುಚ್ಚಿರುವವರು ಐದಾರು ಮಂದಿ ಇದ್ದಾರೆ. ಒಬ್ಬರು ‘ಮಲೆಗಳಲ್ಲಿ ಮದುಮಗಳು’ ನಾಟಕವನ್ನು ರಾತ್ರಿಯಿಡೀ, ಒಂಬತ್ತು ಗಂಟೆ ಹೊತ್ತು ಕೂತು ನೋಡಿ ಬಂದವರು. ಕಾದಂಬರಿ ಇನ್ನೂ ಓದಿಲ್ಲ, ಮುಂದಿನ ರಜೆಗೆ ಎನ್ನುತ್ತಾರೆ. ಇನ್ನೊಬ್ಬರ ಮನೆಯಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಇದೆ, ಪುಟಗಳು ಹೊಸತಾಗಿಯೇ ಇವೆ. ಕಗ್ಗದಲ್ಲಿ 945 ಪದ್ಯಗಳಿವೆ. ನಮಗೆ ಬಾಯಿಗೆ ಬರುವುದು ಹತ್ತು ಹನ್ನೆರಡು. ಇವರಲ್ಲಿ ಯಾರೂ ಸೋಮಾರಿಗಳಲ್ಲ. ಆ ಪುಸ್ತಕಗಳ ಮೇಲೆ ಪ್ರೀತಿ ಇಲ್ಲದವರೂ ಅಲ್ಲ. ಹಾಗಿದ್ದರೂ ಯಾಕೆ ಓದುವುದಕ್ಕೆ ಆಗುವುದಿಲ್ಲ ಎಂಬುದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ.

ನಾನೂ ಮೂರು ಸಲ ಪ್ರಯತ್ನ ಮಾಡಿದ್ದೆ. ಮೊದಲನೆಯದು ಮದುವೆಯಾದ ಹೊಸತರಲ್ಲಿ. ಆಗ ಮೊದಲ ಪುಟ ದಾಟಲಿಲ್ಲ. ಎರಡನೆಯದು ಮಗಳು ಹತ್ತನೇ ತರಗತಿಯಲ್ಲಿದ್ದಾಗ. ಅವಳ ಪಠ್ಯದಲ್ಲಿ ‘ಕೌರವೇಂದ್ರನ ಕೊಂದೆ ನೀನು’ ಅಂತ ಒಂದು ಭಾಗ ಇತ್ತು, ಉದ್ಯೋಗಪರ್ವದ್ದು. ಪದ್ಯ ಬಾಯಿಪಾಠ, ಭಾವಾರ್ಥ, ಸಂದರ್ಭದೊಂದಿಗೆ ವಿವರಿಸಿ, ಇಷ್ಟರಲ್ಲೇ ಮುಗಿಯಿತು. ಪರೀಕ್ಷೆ ಮುಗಿದ ಮೇಲೆ ಅದರ ಹಿಂದೆ ಮುಂದೆ ಏನಿದೆ ನೋಡೋಣ ಎಂದುಕೊಂಡೆ, ಆಗಲಿಲ್ಲ. ಮೂರನೆಯದು 2020ರ ಲಾಕ್‌ಡೌನಿನಲ್ಲಿ. ಆಗ ಹಟ ಹಿಡಿದು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಪೆನ್ಸಿಲ್ ಹಿಡಿದು ಕೂತೆ. ಹನ್ನೆರಡು ದಿನಕ್ಕೆ ಹನ್ನೆರಡು ಪುಟ. ಹದಿಮೂರನೆಯ ದಿನ ಪುಸ್ತಕ ಬೀರು ಸೇರಿತು.

ಎಲ್ಲಿ ತೊಡಕಾಗುತ್ತಿತ್ತು ಎಂದು ಈಗ ಹೇಳಬಲ್ಲೆ. ಮೊದಲ ಪದ್ಯವನ್ನೇ ನೋಡಿ. ಅಚ್ಚಿನಲ್ಲಿ ಅದು ಹೀಗಿರುತ್ತದೆ:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ
ರಾವಣಾಸುರಮಥನ ಶ್ರವಣ ಸು
ಧಾ ವಿನೂತನ ಕಥನ ಕಾರಣ
ಕಾವುದಾನತ ಜನವ ಗದುಗಿನ ವೀರನಾರಯಣ

ಮೊದಲ ಸಾಲು ‘ರಾ’ ಎಂದು ನಿಲ್ಲುತ್ತದೆ. ಯಾವ ರಾ? ಎರಡನೆಯ ಸಾಲಿಗೆ ಹೋದರೆ ‘ಜೀವಪೀಠನ’. ಅದು ರಾಜೀವಪೀಠ, ತಾವರೆಯ ಮೇಲೆ ಕೂತ ಬ್ರಹ್ಮ. ಮುಂದೆ ‘ಸು’ ಒಂದು ಸಾಲಿನ ತುದಿಯಲ್ಲಿ, ‘ಧಾ’ ಇನ್ನೊಂದು ಸಾಲಿನ ತಲೆಯಲ್ಲಿ. ಪತ್ರಿಕೆ, ಕಾದಂಬರಿ ಓದಿ ಅಭ್ಯಾಸವಾದ ಕಣ್ಣು ಸಾಲಿನ ತುದಿಯಲ್ಲಿ ಅರ್ಥ ಹುಡುಕುತ್ತದೆ. ಇಲ್ಲಿ ಅರ್ಥ ಅಲ್ಲಿ ಇರುವುದೇ ಇಲ್ಲ. ಪ್ರತಿ ಪದ್ಯದಲ್ಲೂ ಎರಡು ಮೂರು ಕಡೆ ಹೀಗೆ ಎಡವಿದರೆ, ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳ ಪುಸ್ತಕದಲ್ಲಿ ಎಷ್ಟು ದೂರ ಹೋಗಬಹುದು?

2023ರ ಸಂಕ್ರಾಂತಿ ಕಳೆದ ಮೇಲೆ ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆಗ ಅವರಿಗೆ ಎಪ್ಪತ್ತೊಂಬತ್ತು. ಪೋಸ್ಟ್ ಮಾಸ್ಟರ್ ಆಗಿ ನಿವೃತ್ತರಾದವರು, ದಿನಕ್ಕೆ ಎರಡು ಪೇಪರು ಓದದೆ ಇದ್ದವರಲ್ಲ. ಒಂದು ಕಣ್ಣು ಆದ ಮೇಲೆ ಇನ್ನೊಂದು ಕಣ್ಣು, ನಡುವೆ ಕೆಲವು ವಾರ. ಅಷ್ಟು ದಿನ ಓದಬಾರದು, ಟೀವಿ ಜಾಸ್ತಿ ನೋಡಬಾರದು ಎಂದಿದ್ದರು. ಹಾಗಾಗಿ ಸಂಜೆ ಬ್ಯಾಂಕಿನಿಂದ ಬಂದು ದೀಪ ಹಚ್ಚಿದ ಮೇಲೆ ನಾನು ಪೇಪರ್ ಓದಿ ಹೇಳುತ್ತಿದ್ದೆ. ನಾಲ್ಕೇ ದಿನಕ್ಕೆ ಇಬ್ಬರಿಗೂ ಬೇಸರ ಬಂತು.

"ಬೇರೆ ಏನಾದ್ರೂ ಓದಮ್ಮ" ಎಂದರು.

"ಏನು ಓದಲಿ ಮಾವ?"

ಅವರು ಕಪ್ಪು ಕನ್ನಡಕದಲ್ಲೇ ಬೀರುವಿನ ಕಡೆ ತಿರುಗಿದರು. "ಅದನ್ನ ಓದು. ಕೇಳೋಣ."

ನನಗೆ ಸಂಕೋಚವಾಯಿತು. ಇಷ್ಟು ವರ್ಷ ನಾನು ಅಂದುಕೊಂಡಿದ್ದು, ಮಾವ ಅದನ್ನು ಓದಿ ಅರಗಿಸಿಕೊಂಡವರು ಎಂದು. ಮಾತಿನ ನಡುವೆ ಅವರು ಕುಮಾರವ್ಯಾಸನ ಸಾಲು ಹೇಳುತ್ತಿದ್ದರು. ಅವರೆದುರು ತಪ್ಪು ತಪ್ಪಾಗಿ ಹೇಗೆ ಓದುವುದು? "ನೀವು ಓದಿರೋದು. ನಾನು ತಪ್ಪು ಓದಿದರೆ ನಿಮಗೆ ಹಿಂಸೆ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. "ನಾನು ಓದಿಲ್ಲಮ್ಮ. ಅಪ್ಪ ಓದಿದಾರೆ ಅಂದ್ಕೊಂಡಿದ್ದೆ. ಅವರು ಹೋದ ಮೇಲೆ ಪುಸ್ತಕ ತೆಗೆದು ನೋಡಿದ್ರೆ ಅರ್ಧಕ್ಕಿಂತ ಮುಂದೆ ಪುಟಗಳ ಅಂಚು ಬಿಡಿಸಿಯೇ ಇರಲಿಲ್ಲ. ನಾನೇ ಕತ್ತರಿಸಿ ಬೈಂಡ್ ಮಾಡಿಸಿದೆ. ನನ್ನ ಕೈಲೂ ಆಗಲಿಲ್ಲ."

ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ನಮ್ಮಮ್ಮನಿಗೆ ಗೊತ್ತಿತ್ತು" ಎಂದರು. "ಅವಳಿಗೆ ಓದು ಬರಹ ಬರ್ತಿರಲಿಲ್ಲ. ಮಳೆ ಹೋದಾಗ, ಮಳೆ ಬರ್ಲಿ ಅಂತ ಊರಲ್ಲಿ ವಿರಾಟಪರ್ವ ಓದಿಸ್ತಿದ್ರಲ್ಲ, ಕೇಳಿ ಕೇಳಿ ಬಾಯಿಗೆ ಬಂದಿತ್ತು. ನಾನು ಹೇಳೋ ಸಾಲುಗಳೆಲ್ಲ ಅವಳದ್ದೇ."

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಪುಸ್ತಕ ಇದ್ದ ಮೂರು ತಲೆಮಾರಿನಲ್ಲಿ ಅದು ಗೊತ್ತಿದ್ದದ್ದು ಅಕ್ಷರ ಬಾರದ ಒಬ್ಬ ಹೆಂಗಸಿಗೆ ಮಾತ್ರ. ನಾವು ಇದನ್ನು ಹಿಡಿದ ರೀತಿಯಲ್ಲೇ ಏನೋ ತಪ್ಪಿದೆ ಅನಿಸಿತು.

ಮರುದಿನ ಶುರು ಮಾಡಿದೆವು. ಸಂಜೆ ಏಳರಿಂದ ಏಳೂಮುಕ್ಕಾಲು. ದಿನಕ್ಕೆ ಇಪ್ಪತ್ತು ಪದ್ಯ. ಮೊದಲ ವಾರ ತುಂಬಾ ಕಷ್ಟವಾಯಿತು. ನಾನು ಸಾಲಿನ ಕೊನೆಗೆ ನಿಲ್ಲುತ್ತಿದ್ದೆ. ಮಾವ ಕೈ ಎತ್ತಿ "ನಿಲ್ಲಬೇಡ, ಹೋಗ್ತಾ ಇರು" ಎನ್ನುತ್ತಿದ್ದರು. ಅವರ ಕಿವಿಗೆ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಾಗುತ್ತಿತ್ತು, ಅರ್ಥ ಗೊತ್ತಾಗದಿದ್ದರೂ. ಹತ್ತನೆಯ ದಿನವೋ ಏನೋ, ಅವರು ಮೊಣಕಾಲಿನ ಮೇಲೆ ಬೆರಳಲ್ಲಿ ತಟ್ಟುತ್ತಿರುವುದನ್ನು ನೋಡಿದೆ. ಶ್ರೀವ, ನಿತೆಯರ, ಸನೆವಿ, ಮಲರಾ. ಮೂರು, ನಾಲ್ಕು, ಮೂರು, ನಾಲ್ಕು. ಭಾಮಿನಿ ಷಟ್ಪದಿ ಅಂತ ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಅಂಕ ತೆಗೆದುಕೊಂಡಿದ್ದೆ. ಆರು ಸಾಲು, ಚಿಕ್ಕ ಸಾಲಿಗೆ 14 ಮಾತ್ರೆ, ಮೂರನೆಯದಕ್ಕೂ ಆರನೆಯದಕ್ಕೂ 23. ಎಲ್ಲ ಸೇರಿ 102. ಲೆಕ್ಕ ಗೊತ್ತಿತ್ತು, ನಡಿಗೆ ಗೊತ್ತಿರಲಿಲ್ಲ. ಆ ನಡಿಗೆ ಬಾಯಿಗೆ ಹತ್ತಿದ ಮೇಲೆ ಸಾಲು ಎಲ್ಲಿ ಮುರಿಯುತ್ತದೆ ಎಂಬುದು ಮುಖ್ಯವಾಗುವುದೇ ಇಲ್ಲ. ಬಾಯಿ ಮುರಿದದ್ದನ್ನು ಸೇರಿಸಿಬಿಡುತ್ತದೆ.

ಸಾಲು ಯಾಕೆ ಹಾಗೆ ಮುರಿಯುತ್ತಾನೆ ಎಂಬುದೂ ಆಗ ತಿಳಿಯಿತು. ಮೇಲಿನ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ನೋಡಿ. ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಆರರಲ್ಲೂ ‘ವ’ಕಾರ. ಇದು ಆದಿಪ್ರಾಸ. ಕಣ್ಣಲ್ಲಿ ಓದಿದರೆ ಇದು ಬರೀ ತೊಡಕು. ಕಿವಿಯಲ್ಲಿ ಕೇಳಿದರೆ ಪ್ರತಿ ಸಾಲಿನ ಹೊಸ್ತಿಲಲ್ಲಿ ಒಂದೇ ಗಂಟೆ ಬಾರಿಸಿದ ಹಾಗೆ ಇರುತ್ತದೆ. ಆರು ಸಲ ಗಂಟೆ ಬಾರಿಸಿದ ಮೇಲೆ ಪದ್ಯ ಮರೆಯುವುದು ಕಷ್ಟ. ಮಾವನ ಅಮ್ಮನಿಗೆ ಅಷ್ಟು ಸಾಲು ಹೇಗೆ ಉಳಿಯಿತು ಎಂಬ ನನ್ನ ಬೆರಗು ಅಲ್ಲಿ ಕರಗಿತು.

ನಮ್ಮ ಕ್ರಮ ಹೀಗೆ ನಿಂತಿತು. ಪದ್ಯವನ್ನು ಒಮ್ಮೆ ನಿಲ್ಲಿಸದೆ ಓದುವುದು. ಎರಡನೆಯ ಸಲ ಪದ ಬಿಡಿಸಿ ಓದುವುದು. ಆಮೇಲೆ ಇಬ್ಬರೂ ಸೇರಿ ಅರ್ಥ ಮಾಡಿಕೊಳ್ಳುವುದು. ಬರದ ಪದಗಳನ್ನು ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ‘ಮೇಣ್’ ಅಂದರೆ ಅಥವಾ, ಮತ್ತು. ‘ಹರಿಬ’ ಅಂದರೆ ಹೊಣೆ, ಕೆಲಸ. ‘ಇನ’ ಅಂದರೆ ಸೂರ್ಯ. ‘ದೃಗುಜಲ’ ಕಣ್ಣೀರು. ಮೊದಲ ತಿಂಗಳು ಪುಟಗಟ್ಟಲೆ ಬರೆದೆ. ಮೂರನೆಯ ತಿಂಗಳಿಗೆ ದಿನಕ್ಕೆ ನಾಲ್ಕೈದು ಪದ. ಈ ಕವಿ ಒಮ್ಮೆ ಬಳಸಿದ ಪದವನ್ನು ಮತ್ತೆ ಮತ್ತೆ ತರುತ್ತಾನೆ. ಆದಿಪರ್ವ ದಾಟಿದವರಿಗೆ ಮುಂದೆ ಭಾಷೆಯ ಭಯ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಪೀಠಿಕೆಯಲ್ಲಿ ಒಂದು ಒಗಟಿನ ಪದ್ಯ ಬರುತ್ತದೆ. ‘ವೇದಪುರುಷನ ಸುತನ ಸುತನ ಸಹೋದರನ’ ಎಂದು ಶುರುವಾಗಿ, ಇವನ ಮಗ, ಅವನ ಹೆಂಡತಿ, ಅವಳ ಸೋದರಮಾವ ಎಂದು ಸಂಬಂಧದ ಎಳೆ ಹಿಡಿದು ಹೋಗುತ್ತದೆ. ಬೆಂಗಳೂರಿನಲ್ಲಿರುವ ಮಗಳು ವಿಡಿಯೋ ಕಾಲಿನಲ್ಲಿ ಸೇರಿಕೊಂಡಳು. ಇಂದ್ರನ ತನಕ ಬಂದ ಮೇಲೆ ದಾರಿ ಸುಲಭ. ಇಂದ್ರನ ಮಗ ಅರ್ಜುನ. ಅವನ ಹೆಂಡತಿ ಸುಭದ್ರೆ. ಅವಳ ಸೋದರಮಾವ ಕಂಸ. ಕಂಸನ ಮಾವ ಜರಾಸಂಧ. ಅವನನ್ನು ಕಾದಿ ಗೆದ್ದವನು ಭೀಮ. ಭೀಮನ ಅಣ್ಣ ಧರ್ಮರಾಯ. ಅವನ ತಾಯಿ ಕುಂತಿ. ಕುಂತಿಯ ನಾದಿನಿ ದೇವಕಿ. ಅವಳ ಹೊಟ್ಟೆಯಲ್ಲಿ ಹುಟ್ಟಿದವನು ಕೃಷ್ಣ. ಮಗಳು ಒಂದೊಂದೇ ಗಂಟು ಬಿಚ್ಚುತ್ತಾ ಹೋದಳು. ಮಾವ ಆ ರಾತ್ರಿ ಎರಡು ತುತ್ತು ಜಾಸ್ತಿ ಊಟ ಮಾಡಿದರು. ಇಡೀ ಭಾರತದ ನೆಂಟಸ್ತಿಕೆಯನ್ನು ಒಂದು ಪದ್ಯದಲ್ಲಿ ಸುತ್ತಿಟ್ಟು ಕೊನೆಗೆ ಕೃಷ್ಣನ ಹತ್ತಿರ ತಂದು ನಿಲ್ಲಿಸುತ್ತಾನಲ್ಲ, ಅದು ಆಟವೂ ಹೌದು, ಭಕ್ತಿಯೂ ಹೌದು. ‘ತಿಳಿಯ ಹೇಳುವೆ ಕೃಷ್ಣಕಥೆಯನು’ ಎಂದು ಅವನೇ ಹೇಳಿಕೊಂಡಿದ್ದಾನೆ.

ನಮ್ಮೂರಿಗೆ ತುಂಗೆಯ ದಡದ ಹೊಸಹಳ್ಳಿ ದೂರವಿಲ್ಲ. ಗಮಕದ ಊರೆಂದೇ ಹೆಸರು. ಅಲ್ಲಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಇಷ್ಟು ವರ್ಷ ಹತ್ತಿರವೇ ಇದ್ದೂ ನಾನು ಗಮಕ ಎಂದರೆ ಸಂಗೀತದ ಒಂದು ಬಗೆ ಎಂದು ಬಿಟ್ಟುಬಿಟ್ಟಿದ್ದೆ. ಈಗ ಮಾವನ ಮೊಬೈಲಿನಲ್ಲಿ ಭಾನುವಾರ ಧ್ವನಿಮುದ್ರಣ ಹಾಕಿ ಕೇಳತೊಡಗಿದೆವು. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ತಾಳ ಇಲ್ಲ. ರಾಗ ಕಥೆಯ ಭಾವಕ್ಕೆ ತಕ್ಕಂತೆ ಬದಲಾಗುತ್ತದೆ. ಗಮಕಿ ಪದವನ್ನು ಅರ್ಥ ಬರುವ ಕಡೆ ಬಿಡಿಸುತ್ತಾರೆ, ಸಾಲು ಮುಗಿದ ಕಡೆ ಅಲ್ಲ. ನಾವಿಬ್ಬರೂ ನಡುಮನೆಯಲ್ಲಿ ಕೂತು ತಡಕಾಡಿ ಮಾಡುತ್ತಿದ್ದದ್ದು ಇದನ್ನೇ. ಒಬ್ಬರು ಓದುವುದು, ಒಬ್ಬರು ಹೇಳುವುದು. ಈ ಪುಸ್ತಕಕ್ಕೆ ಇಬ್ಬರು ಬೇಕು. ಒಬ್ಬರೇ ಬಾಗಿಲು ಹಾಕಿಕೊಂಡು ಸುಮ್ಮನೆ ಕಣ್ಣಾಡಿಸಲಿ ಎಂದು ಕವಿ ಬರೆದದ್ದಲ್ಲ. ನಾವು ಅದನ್ನು ಕಾದಂಬರಿಯ ಹಾಗೆ ಓದಲು ಹೋಗಿ, ಆಗಲಿಲ್ಲ ಎಂದು ನಮ್ಮನ್ನು ನಾವೇ ಬೈದುಕೊಂಡು, ಪೂಜೆಗೆ ಇಟ್ಟುಬಿಟ್ಟೆವು.

ಆಗಸ್ಟಿಗೆ ಅರಣ್ಯಪರ್ವ ಮುಗಿಯುತ್ತಾ ಬಂತು. ಆ ವರ್ಷದ ಆಗಸ್ಟ್ ನಿಮಗೆ ನೆನಪಿರಬಹುದು. ಮಳೆಯೇ ಇಲ್ಲ. ಒಂದು ಸಂಜೆ ಊರಿನಿಂದ ಮಾವನ ಅಣ್ಣನ ಮಗ ಫೋನ್ ಮಾಡಿದ.

"ಜೋಳ ಒಣಗ್ತಾ ಇದೆ ಚಿಕ್ಕಪ್ಪಾ. ಗುಡೀಲಿ ವಿರಾಟಪರ್ವ ಓದಿಸ್ಬೇಕು ಅಂತ ಹಿರೇರು ಅಂತಿದಾರೆ. ಆದ್ರೆ ಓದೋರೇ ಇಲ್ಲ ಈಗ."

ಮಾವ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

ಬ್ಯಾಂಕಿಗೆ ಮೂರು ದಿನ ರಜೆ ಹಾಕಿದೆ. ಶನಿವಾರ ಭಾನುವಾರ ಸೇರಿ ಐದು ರಾತ್ರಿ. ಈಶ್ವರನ ಗುಡಿಯ ಅಟ್ಟದಲ್ಲಿ ಹಳೆಯ ವ್ಯಾಸಪೀಠ ಇತ್ತು. ತೊಳೆದು ಒರೆಸಿ ಇಟ್ಟಿದ್ದರು. ಮೊದಲ ರಾತ್ರಿ ಮೂವತ್ತು ಜನ ಇದ್ದರು. ಹೆಚ್ಚಿನವರು ವಯಸ್ಸಾದ ಹೆಂಗಸರು. ಗಂಡಸರು ಹೊರಗೆ ಕಟ್ಟೆಯ ಮೇಲೆ. ನನಗೆ ಕೈ ನಡುಗುತ್ತಿತ್ತು. ಗಮಕ ನನಗೆ ಬರುವುದಿಲ್ಲ, ಬರೀ ಓದುತ್ತೇನೆ ಎಂದು ಮೊದಲೇ ಹೇಳಿದೆ. "ಓದ್ ತಂಗಿ. ನಮಗೆ ಕೇಳಿದ್ರೆ ಸಾಕು" ಎಂದರು ಒಬ್ಬ ಅಜ್ಜಿ.

ನಾನು ಓದಿದೆ, ಮಾವ ಅರ್ಥ ಹೇಳಿದರು. ಅವರಿಗೆ ಆಗ ಎರಡೂ ಕಣ್ಣು ಸರಿಯಾಗಿತ್ತು, ಆದರೂ ಪುಸ್ತಕ ನೋಡುತ್ತಿರಲಿಲ್ಲ. ಜನರ ಮುಖ ನೋಡಿ ಹೇಳುತ್ತಿದ್ದರು. ಎರಡನೆಯ ರಾತ್ರಿ ಕೀಚಕನ ಪ್ರಸಂಗ. ದ್ರೌಪದಿ ಕೀಚಕನಿಂದ ಸಭೆಯಲ್ಲಿ ಒದೆಸಿಕೊಂಡು, ರಾತ್ರಿ ಅಡುಗೆ ಮನೆಗೆ ಭೀಮನ ಹತ್ತಿರ ಬರುತ್ತಾಳೆ. ಅಲ್ಲಿ ಆ ಪದ್ಯ ಬರುತ್ತದೆ. ಹೆಂಡತಿಯ ಹರಿಬಕ್ಕೆ ಒಬ್ಬನೇ ಗಂಡನಾದರೂ ಸಾಕು, ವೈರಿಯನ್ನು ಕಡಿದು ಹಾಕುತ್ತಾನೆ, ಇಲ್ಲ ತಾನೇ ಸಾಯುತ್ತಾನೆ ಎಂದು ಶುರು ಮಾಡಿ ಅವಳು ಹೇಳುತ್ತಾಳೆ:

ಗಂಡರೈವರು ಮೂರು ಲೋಕದ
ಗಂಡರೊಬ್ಬಳನಾಳಲಾರಿರಿ

ಮುಂದಿನ ಸಾಲು ಇನ್ನೂ ಕಟು. ‘ಗಂಡರೋ ನೀವ್ ಷಂಡರೋ’ ಎಂದು ಕೇಳುತ್ತಾಳೆ. ಮನೆಯಲ್ಲಾಗಿದ್ದರೆ ಮಾವನ ಎದುರು ಅಲ್ಲಿ ನನ್ನ ದನಿ ಇಳಿಯುತ್ತಿತ್ತೋ ಏನೋ. ಅಂದು ಗುಡಿಯಲ್ಲಿ ಒಂದು ಕ್ಷಣ ತಡೆದೆ. ಹಿಂದಿನಿಂದ ಒಂದು ದನಿ ಆ ಸಾಲನ್ನು ಪೂರ್ತಿ ಮಾಡಿತು. ಅದೇ ಅಜ್ಜಿ. ಅವರ ಪಕ್ಕದವರೂ ಸೇರಿಸಿದರು. ಮೂರು ನಾಲ್ಕು ಹೆಂಗಸರು ಒಟ್ಟಿಗೆ, ಪುಸ್ತಕ ಇಲ್ಲದೆ, ಗಟ್ಟಿಯಾಗಿ. ಕಟ್ಟೆಯ ಮೇಲಿನ ಗಂಡಸರ ಮಾತು ನಿಂತುಹೋಯಿತು. ಮಾವ ಆ ಪದ್ಯಕ್ಕೆ ಅರ್ಥ ಹೇಳಲಿಲ್ಲ. "ಮುಂದಕ್ಕೆ ಓದಮ್ಮ" ಎಂದರು, ಅಷ್ಟೇ.

ಉತ್ತರಕುಮಾರ ರಥದಿಂದ ಹಾರಿ ಓಡುವ ಕಡೆ ಮಕ್ಕಳೂ ಬಂದು ಕೂತರು. ಅವನ ಪೌರುಷ ಒಲೆಯ ಮುಂದೆ ಎಂಬ ಗಾದೆ ಎಲ್ಲರಿಗೂ ಗೊತ್ತು, ಕಥೆಯನ್ನು ಹೀಗೆ ಮೊದಲಿಂದ ಕೇಳಿದವರು ಕಡಿಮೆ. ಐದನೆಯ ರಾತ್ರಿ ಗುಡಿಯಲ್ಲಿ ಜಾಗ ಸಾಲಲಿಲ್ಲ.

ಮಳೆ ಬಂತಾ ಎಂದು ಎಲ್ಲರೂ ಕೇಳುತ್ತಾರೆ. ಆ ವಾರ ಬರಲಿಲ್ಲ. ಮುಂದೆಯೂ ಸಾಕಾಗುವಷ್ಟು ಬರಲಿಲ್ಲ. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರದ ಪಟ್ಟಿ ಸೇರಿದ ವರ್ಷ ಅದು. ಜೋಳ ಕೈಗೆ ಸಿಗಲಿಲ್ಲ. ಓದಿದ್ದು ದಂಡವಾಯಿತು ಎಂದು ಮಾತ್ರ ಆ ಊರಿನಲ್ಲಿ ಯಾರೂ ಅನ್ನಲಿಲ್ಲ. ಎಲ್ಲರೂ ಒಂದೇ ಸಂಕಟದಲ್ಲಿದ್ದ ಹೊತ್ತಿನಲ್ಲಿ ಐದು ರಾತ್ರಿ ಒಟ್ಟಿಗೆ ಕೂತಿದ್ದೆವು.

ಉದ್ಯೋಗಪರ್ವಕ್ಕೆ ಬಂದಾಗ ಮಗಳ ಪಠ್ಯದ ಪದ್ಯಗಳು ಎದುರಾದವು. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಳ್ಳುವ ಜಾಗ. ‘ಇನತನೂಜನ ಕೂಡೆ ಮೈದುನತನದ ಸರಸವನೆಸಗಿ’ ಎಂದು ಶುರುವಾಗುತ್ತದೆ. ನಾನು ಮಗಳಿಗೆ ಈ ಸಾಲನ್ನು ಎಷ್ಟು ಸಲ ಹೇಳಿಕೊಟ್ಟಿದ್ದೆ! ಸ್ನೇಹದಿಂದ ಮಾತನಾಡಿಸಿ ಎಂದು ಭಾವಾರ್ಥ ಬರೆಸಿದ್ದೆ. ಮಾವ ಅಲ್ಲಿ ತಡೆದರು.

"ಮೈದುನತನ ಅಂತ ಯಾಕೆ ಅಂದ?"

ಯೋಚಿಸಿದಾಗ ಮೈ ಜುಮ್ಮೆಂದಿತು. ಕರ್ಣ ಕುಂತಿಯ ಮಗ. ಕುಂತಿ ಕೃಷ್ಣನ ಸೋದರತ್ತೆ. ಹಾಗಾದರೆ ಇಬ್ಬರೂ ನಿಜವಾಗಿ ಭಾವ ಮೈದುನರೇ. ಅದು ಕೃಷ್ಣನಿಗೆ ಗೊತ್ತು, ಕವಿಗೆ ಗೊತ್ತು, ಕೇಳುವ ನಮಗೂ ಗೊತ್ತು. ಕರ್ಣನಿಗೆ ಮಾತ್ರ ಗೊತ್ತಿಲ್ಲ. ಕೃಷ್ಣ ಗುಟ್ಟು ಹೇ­ಳುವ ಮೊದಲೇ, ಹೆಗಲ ಮೇಲೆ ಕೈ ಹಾಕುವ ರೀತಿಯಲ್ಲೇ ಹೇಳಿಬಿಟ್ಟಿದ್ದಾನೆ. ಆ ಸಲಿಗೆ ಕಂಡು ಕರ್ಣ ಎಷ್ಟು ಗಲಿಬಿಲಿಗೊಂಡಿರಬೇಕು! ‘ಇನತನೂಜ’, ಸೂರ್ಯನ ಮಗ ಎಂದು ಕರೆಯುವುದರಲ್ಲೂ ಅದೇ ಇದೆ.

ಗುಟ್ಟು ಕೇಳಿದ ಮೇಲೆ ಕರ್ಣನ ಕೊರಳ ಸೆರೆ ಹಿಗ್ಗುತ್ತದೆ, ಕಣ್ಣೀರು ಉಕ್ಕುತ್ತದೆ. ಆಗ ಅವನ ಮನಸ್ಸಿಗೆ ಮೊದಲು ಬರುವುದು ರಾಜ್ಯವೂ ಅಲ್ಲ, ತಾಯಿಯೂ ಅಲ್ಲ. ‘ಅಕಟಾ ಕುರುಪತಿಗೆ ಕೇಡಾದುದು’ ಎಂಬ ಮಾತು. ಕೊನೆಗೆ ಹೇಳುತ್ತಾನೆ, ‘ಮಾರಿಗೌತಣವಾಯ್ತು ನಾಳಿನ ಭಾರತವು’. ನಿನ್ನ ಐವರನ್ನು ನೋಯಿಸುವುದಿಲ್ಲ ಎಂದು ಮಾತು ಕೊಡುತ್ತಾನೆ. ಯಾರ ಮೇಲೆ ಆಣೆ? ‘ರಾಜೀವಸಖನಾಣೆ’. ತಾವರೆಯ ಗೆಳೆಯ ಸೂರ್ಯನ ಮೇಲೆ. ತನ್ನ ಅಪ್ಪ ಯಾರು ಎಂದು ಆಗಷ್ಟೇ ತಿಳಿದವನು ಅಪ್ಪನ ಹೆಸರಲ್ಲೇ ಆಣೆ ಇಡುತ್ತಿದ್ದಾನೆ. ಅಲ್ಲಿ ಮಾವನ ದನಿ ಕಟ್ಟಿತು. ಅಂದು ಇಪ್ಪತ್ತು ಪದ್ಯ ಆಗಲಿಲ್ಲ, ಒಂಬತ್ತಕ್ಕೆ ನಿಲ್ಲಿಸಿದೆವು. ಮಗಳಿಗೆ ಫೋನ್ ಮಾಡಿ, ನಾನು ಆಗ ಬರೆಸಿದ ಭಾವಾರ್ಥ ಸಾಲದು ಎಂದು ಹೇಳಿದೆ. ಅವಳು ಪದ್ಯ ಪೂರ್ತಿ ಒಪ್ಪಿಸಿದಳು, ಆರು ವರ್ಷವಾದರೂ ಮರೆತಿರಲಿಲ್ಲ.

ಯುದ್ಧದ ಪರ್ವಗಳು ಕಷ್ಟ. ಇದನ್ನು ಮುಚ್ಚಿಡುವುದಿಲ್ಲ. ಭೀಷ್ಮ, ದ್ರೋಣ, ಕರ್ಣ ಮೂರೂ ಪರ್ವಗಳಲ್ಲಿ ಬಾಣ, ರಥ, ಮುರಿದ ಗಾಲಿ, ಬಿದ್ದ ಆನೆ ಮತ್ತೆ ಮತ್ತೆ ಬರುತ್ತವೆ. ದ್ರೋಣಪರ್ವದಲ್ಲಿ ಅಭಿಮನ್ಯು ಸತ್ತ ಮೇಲೆ ಎರಡು ವಾರ ನಮ್ಮ ಓದು ಕುಂಟಿತು. ಆಗ ಮಾವ ಒಂದು ಉಪಾಯ ಹೇಳಿದರು. ಅಂಥ ಕಡೆ ಅರ್ಥ ಬಿಡಿಸುವುದು ಬೇಡ, ಸುಮ್ನೆ ಓದುತ್ತಾ ಹೋಗು. ದಿನಕ್ಕೆ ಅರವತ್ತು ಪದ್ಯ ಹೋಗಲಿ. ಹಾಗೇ ಮಾಡಿದೆ. ಆಗ ಆ ಪದ್ಯಗಳ ಸದ್ದೇ ಬೇರೆ ಎಂದು ಗೊತ್ತಾಯಿತು. ಒತ್ತಕ್ಷರಗಳು ಒಂದಕ್ಕೊಂದು ಬಡಿಯುತ್ತವೆ, ಉಸಿರು ಸಾಲುವುದಿಲ್ಲ. ಅಲ್ಲಿ ಅರ್ಥಕ್ಕಿಂತ ಸದ್ದೇ ಕಥೆ ಹೇಳುತ್ತದೆ. ಓದುವವರಿಗೆ ನನ್ನ ಸಲಹೆಯೂ ಅದೇ. ಎಲ್ಲ ಪದ್ಯಕ್ಕೂ ಒಂದೇ ವೇಗ ಬೇಡ. ಯಾವುದನ್ನೂ ಬಿಡಬೇಡಿ, ಆದರೆ ಎಲ್ಲ ಕಡೆ ನಿಲ್ಲಲೂ ಬೇಡಿ. ಬೇಸರವಾದ ದಿನ ಸಂಧಿಯ ಮೊದಲಿಗೆ ಬರುವ ಸೂಚನೆಯ ಪದ್ಯ ಓದಿಕೊಂಡರೆ ಮುಂದೆ ಏನು ಬರುತ್ತದೆ ಎಂಬ ಆಸೆ ಹುಟ್ಟುತ್ತದೆ. ‘ಕೇಳು ಜನಮೇಜಯ ಧರಿತ್ರೀಪಾಲ’ ಎಂದು ಕವಿ ಮತ್ತೆ ಮತ್ತೆ ಕರೆಯುತ್ತಾನೆ. ಓದು ಎನ್ನುವುದಿಲ್ಲ, ಕೇಳು ಎನ್ನುತ್ತಾನೆ.

ಅದೇ ಅಕ್ಟೋಬರಿನಲ್ಲಿ ನವರಾತ್ರಿ ಬಂತು. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯ ತನಕ ಓದುವ ಹಾಗಿಲ್ಲ. ನಾವು ಯುದ್ಧದ ನಡುವೆ ಇದ್ದೆವು. ನಾನು ಎಂದಿನ ಹಾಗೆ ಮಣೆ ಹಾಕಿ ಪುಸ್ತಕ ಎತ್ತಿಕೊಂಡೆ. ಮಾವ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು.

"ಇದು ಬೇಡ. ನಿಘಂಟು ಇಡು ಈ ಸಲ. ಇದನ್ನ ಸಂಜೆಗೆ ಓದ್ಬೇಕಲ್ಲ" ಎಂದರು.

ಅತ್ತೆ ಇದ್ದಿದ್ದರೆ ಏನನ್ನುತ್ತಿದ್ದರೋ. ಇವರು, ಅಂದರೆ ನನ್ನ ಯಜಮಾನರು, ಅಪ್ಪನ ಮುಖವನ್ನೂ ನನ್ನ ಮುಖವನ್ನೂ ನೋಡಿ, ತಾವೇ ಹೋಗಿ ನಿಘಂಟು ತಂದು ಮಣೆಯ ಮೇಲೆ ಇಟ್ಟರು. ಅಂದು ಸಂಜೆಯಿಂದ ಅವರೂ ನಮ್ಮ ಜೊತೆ ಕೂರತೊಡಗಿದರು.

2024ರ ಮಾರ್ಚಿನಲ್ಲಿ, ಯುಗಾದಿಗೆ ಕೆಲವು ದಿನ ಮುಂಚೆ, ಗದಾಪರ್ವ ಮುಗಿಯಿತು. ಹದಿನಾಲ್ಕು ತಿಂಗಳು ಹಿಡಿಯಿತು. ದುರ್ಯೋಧನ ಎಲ್ಲರನ್ನೂ ಕಳೆದುಕೊಂಡು ಸರೋವರದ ನೀರಿನೊಳಗೆ ಅಡಗುವ ಭಾಗ ಓದುವಾಗ ನನಗೆ ಅವನ ಮೇಲೆ ಇದ್ದ ಸಿಟ್ಟೆಲ್ಲ ಹೋಗಿತ್ತು. ಕೊನೆಗೆ ಧರ್ಮರಾಯನಿಗೆ ಪಟ್ಟವಾಗುತ್ತದೆ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ್ದಾನೆ. ಉಳಿದದ್ದನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಬರೆದ. ಕೊನೆಯ ಪದ್ಯ ಓದಿ ಪುಸ್ತಕ ಮುಚ್ಚಿದಾಗ ಮೂವರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಕುಕ್ಕರ್ ಕೂಗಿದ ಮೇಲೆ ಎದ್ದೆವು.

ಮಾರನೆಯ ದಿನ ಏಳು ಗಂಟೆಗೆ ಮಾವ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ನಾನೂ ಕೂತೆ. ಓದಲು ಏನೂ ಇರಲಿಲ್ಲ. ಮತ್ತೆ ಆದಿಪರ್ವ ತೆಗೆಯೋಣವೇ ಎಂದು ಮಾತಾಡುತ್ತಿರುವಾಗ ಊರಿನಿಂದ ಫೋನ್ ಬಂತು. ಗುಡಿಯಲ್ಲಿ ಸಾಲು ಪೂರ್ತಿ ಮಾಡಿದ ಅಜ್ಜಿಯೇ, ಮೊಮ್ಮಗನ ಮೊಬೈಲಿನಿಂದ.

"ತಂಗೀ, ವಿರಾಟಪರ್ವ ನಾನು ಸಣ್ಣೋಳಿದ್ದಾಗಿಂದ ಕೇಳೀನಿ. ಕರ್ಣ ಸತ್ತದ್ದನ್ನ ಯಾರೂ ಓದಿಲ್ಲ ನಮ್ಮೂರಾಗೆ. ಅದು ಐತಾ ಆ ಪುಸ್ತಕದಾಗೆ?"

"ಇದೆ ಅಜ್ಜಿ."

"ಎಷ್ಟು ರಾತ್ರಿ ಆಗ್ತದೆ?"

ನಾನು ಮಾವನನ್ನು ಕೇಳಿದೆ. ಅವರು ಪುಸ್ತಕ ತೆಗೆದು, ಕರ್ಣಪರ್ವದ ಪುಟಗಳನ್ನು ಎರಡು ಬೆರಳ ನಡುವೆ ಹಿಡಿದು ನೋಡಿ, ಹದಿನೈದಾದರೂ ಬೇಕು ಎಂದರು.

"ಆಗ್ಲಿ ಬರ್ರಿ" ಎಂದರು ಅಜ್ಜಿ.

ಮೇ ತಿಂಗಳಲ್ಲಿ ಹೊರಟಿದ್ದೇವೆ. ಈ ಸಲ ಪದ್ಯ ಓದುವವರು ಮಾವ. ಈಗ ಬೆಳಿಗ್ಗೆ ಐದಕ್ಕೆ ಎದ್ದು, ಹೊಸ ಕನ್ನಡಕ ಹಾಕಿಕೊಂಡು, ಜಗಲಿಯಲ್ಲಿ ಕೂತು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದಾರೆ. ಅರ್ಥ ಹೇಳುವುದು ನನ್ನ ಪಾಲಿಗೆ ಬಂದಿದೆ.